ಹುಲ್ಲಿನ ಹಗ್ಗ ಬಿಚ್ಚಿಕೊಳ್ಳದಂತೆ ಹೊಸೆಯುವುದು ಹೇಗೆ? ಜಪಾನಿನ ಶಿಮೆನಾವಾ, ಹುಲ್ಲಿನ ಸಿವುಡಿನಿಂದ ಬಾಗಿಲವರೆಗೆ

ಡಿಸೆಂಬರ್ ಹತ್ತಿರ ಬಂದಂತೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. "ವಿಡಿಯೊ ನೋಡಿಕೊಂಡು ಭತ್ತದ ಹುಲ್ಲಿನಲ್ಲಿ ಜಪಾನಿ ಹಗ್ಗ ಹೊಸೆದೆ, ಕೈ ಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಎಲ್ಲಿ ತಪ್ಪಿದೆ?" ಅದರ ಬೆನ್ನಿಗೇ ಇನ್ನೊಂದು: "ನಮ್ಮ ಕಡೆಯ ಹುಲ್ಲು ಆಗುತ್ತದಾ, ಜಪಾನಿನದೇ ಬೇಕಾ?"

ಎರಡನೆಯದಕ್ಕೆ ಉತ್ತರ ಸುಲಭ. ನಮ್ಮ ಹುಲ್ಲು ಧಾರಾಳವಾಗಿ ಆಗುತ್ತದೆ, ಉದ್ದವಾಗಿರಬೇಕು ಮತ್ತು ಜಜ್ಜಿರಬಾರದು ಅಷ್ಟೆ. ಮೊದಲನೆಯದಕ್ಕೆ ಈ ಇಡೀ ಲೇಖನವೇ ಉತ್ತರ. ಹಗ್ಗ ಬಿಚ್ಚಿಕೊಳ್ಳುವವರಲ್ಲಿ ಹೆಚ್ಚಿನವರು ಹೊಸೆಯುವಾಗಷ್ಟೇ ತಪ್ಪುವುದಿಲ್ಲ, ಅದಕ್ಕೂ ಮುಂಚೆ ಹುಲ್ಲು ಹದ ಮಾಡುವಾಗಲೂ ತಪ್ಪಿರುತ್ತಾರೆ. ಆದ್ದರಿಂದ ಹದ ಮಾಡುವ ಹಂತಗಳನ್ನು ಇಲ್ಲಿ ಉದ್ದಕ್ಕೆ ಬರೆದಿದ್ದೇನೆ. ಅವಸರವಿದೆಯೆಂದು ಅವನ್ನು ಹಾರಿಸಬೇಡಿ.

ಏನು ಮಾಡಲು ಹೊರಟಿದ್ದೇವೆ?

ಜಪಾನಿನಲ್ಲಿ ಭತ್ತದ ಹುಲ್ಲಿಗೆ ‘ವಾರಾ’ ಎನ್ನುತ್ತಾರೆ. ಒಂದು ಕಾಲಕ್ಕೆ ಅಲ್ಲಿನ ಹಳ್ಳಿಯ ಮನೆಗಳಲ್ಲಿ ವಾರಾ ಇಲ್ಲದೆ ದಿನ ಕಳೆಯುತ್ತಿರಲಿಲ್ಲ. ಕಾಲಿಗೆ ಹುಲ್ಲಿನ ಚಪ್ಪಲಿ ‘ವಾರಾಜಿ’, ಮಳೆ-ಹಿಮಕ್ಕೆ ಹೊದೆಯಲು ನಮ್ಮ ಗೊರಬೆನ್ನು ನೆನಪಿಸುವ ‘ಮಿನೊ’, ಅಕ್ಕಿ ತುಂಬಲು ‘ತವಾರಾ’ ಎಂಬ ಹುಲ್ಲಿನ ಮೂಟೆ. ನೆಲಕ್ಕೆ ಹಾಸುವ ತತಾಮಿಯ ಮೇಲ್ಮೈಯನ್ನು ‘ಇಗುಸಾ’ ಎಂಬ ಜೊಂಡಿನಿಂದ ನೇಯುತ್ತಾರೆ, ಆದರೆ ಹಳೆಯ ಪದ್ಧತಿಯಲ್ಲಿ ಒಳಗಿನ ದಪ್ಪ ದಿಂಡು ಭತ್ತದ ಹುಲ್ಲಿನದೇ. ಸುಮೊ ಕುಸ್ತಿಯ ಅಖಾಡದ ದುಂಡನೆಯ ಅಂಚು ಕೂಡ ಮಣ್ಣಿನಲ್ಲಿ ಅರ್ಧ ಹೂತ ಹುಲ್ಲಿನ ಮೂಟೆಗಳೇ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ತವಾರಾ ನೋಡಿದರೆ ಅಕ್ಕಿ ಮುಡಿ ನೆನಪಾಗದೆ ಇರದು. ಮುಡಿ ಉಂಡೆಯಾಗಿರುತ್ತದೆ, ತವಾರಾ ಪೀಪಾಯಿಯಂತೆ ಉದ್ದಕ್ಕಿರುತ್ತದೆ. ಉಪಾಯ ಮಾತ್ರ ಎರಡರದ್ದೂ ಒಂದೇ: ಬೆಳೆದ ಗಿಡದಲ್ಲೇ ಅದರ ಕಾಳನ್ನು ಕಟ್ಟಿಡುವುದು.

ಈ ಎಲ್ಲ ಕೆಲಸಕ್ಕೂ ತಳಪಾಯ ಹಗ್ಗ. ಹಗ್ಗ ಹೊಸೆಯುವುದಕ್ಕೆ ಅಲ್ಲಿ ‘ನಾವಾ-ನಾಯ್’ ಎಂದು ಹೆಸರು. ‘ನಾವಾ’ ಎಂದರೆ ಹಗ್ಗ. ಈ ಲೇಖನದಲ್ಲಿ ಮೊದಲು ಸಣ್ಣ ಹಗ್ಗ, ಆಮೇಲೆ ಅದನ್ನೇ ಬಳಸಿ ಒಂದು ಚಿಕ್ಕ ‘ಶಿಮೆನಾವಾ’ ಬಳೆ ಮಾಡುತ್ತೇವೆ.

ಶಿಮೆನಾವಾ ಎಂದರೆ ಜಪಾನಿನ ಮೂಲ ಧರ್ಮವಾದ ಶಿಂಟೊ ಸಂಪ್ರದಾಯದಲ್ಲಿ ಪವಿತ್ರ ಜಾಗದ ಎಲ್ಲೆ ಗುರುತಿಸುವ ಹುಲ್ಲಿನ ಹಗ್ಗ. 712ರಲ್ಲಿ ಸಿದ್ಧವಾದ ‘ಕೊಜಿಕಿ’ ಗ್ರಂಥದಲ್ಲಿ ಇದರ ಮೂಲ ಕಥೆ ಇದೆ. ಸೂರ್ಯದೇವತೆ ಅಮಾತೆರಾಸು ಮುನಿಸಿಕೊಂಡು ಗುಹೆ ಸೇರುತ್ತಾಳೆ. ಅವಳನ್ನು ಹೊರಗೆ ಕರೆತಂದ ಮೇಲೆ ಮತ್ತೆ ಒಳಗೆ ಹೋಗದಂತೆ ಅವಳ ಬೆನ್ನ ಹಿಂದೆ ಹಗ್ಗ ಕಟ್ಟುತ್ತಾರೆ. ಆದ್ದರಿಂದ ನೋಡಲು ನಮ್ಮ ತೋರಣದಂತೆ ಕಂಡರೂ ಇದು ಗೆರೆ ಎಳೆಯುವ ಹಗ್ಗ. ದೊಡ್ಡದೆಂದರೆ ಎಷ್ಟು ದೊಡ್ಡದು? ಶಿಮಾನೆ ಪ್ರಾಂತ್ಯದ ಇಜುಮೊ ತೈಶಾ ದೇಗುಲದ ಕಾಗುರಾದೆನ್ ಮಂಟಪಕ್ಕೆ ತೂಗುಹಾಕಿದ್ದು ಸುಮಾರು 13 ಮೀಟರ್ ಉದ್ದ, 5 ಟನ್‌ಗಿಂತ ಹೆಚ್ಚು ತೂಕ. ಅದೇ ಪ್ರಾಂತ್ಯದ ಈನಾನ್ ಊರಿನವರು ಅದನ್ನು ಹೊಸೆಯುತ್ತಾರೆ, 2018ರಲ್ಲಿ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದರು. ನಾವು ಮಾಡುವುದು ಒಂದು ಗೇಣಿನದು.

ಬೇಕಾಗುವ ಸಾಮಾನು

ಒಂದು ಸಿವುಡು ಭತ್ತದ ಹುಲ್ಲು, ಒಂದು ಗೋಣಿಚೀಲ, ಬಟ್ಟಲಲ್ಲಿ ನೀರು, ಕತ್ತರಿ, ಸ್ವಲ್ಪ ಹತ್ತಿ ದಾರ. ಬಡಿಯಲು ಮರದ ಕೊಡತಿ ಮತ್ತು ನಯವಾದ ಕಲ್ಲು. ಕೊಡತಿ ಇಲ್ಲದಿದ್ದರೆ ದಪ್ಪ ಲಟ್ಟಣಿಗೆ ಸಾಕು, ಬಟ್ಟೆ ಒಗೆಯುವ ಕಲ್ಲೂ ನಡೆಯುತ್ತದೆ. ಕಬ್ಬಿಣದ ಸುತ್ತಿಗೆ ಮಾತ್ರ ಬೇಡ, ಅದು ಹುಲ್ಲನ್ನು ಮೆತ್ತಗೆ ಮಾಡುವ ಬದಲು ಕತ್ತರಿಸುತ್ತದೆ. ಧೂಳಿನಿಂದ ಸೀನು, ಉಬ್ಬಸ ಬರುವವರು ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಭತ್ತದ ಎಲೆಯ ಅಂಚು ಗರಗಸದ ಹಾಗೆ, ಬೆರಳು ಕೊಯ್ಯುತ್ತದೆ. ಮೊದಲ ಎರಡು ಹಂತಕ್ಕೆ ತುಂಬುತೋಳಿನ ಅಂಗಿ ಹಾಕಿಕೊಂಡರೆ ರಾತ್ರಿ ಕೈ ಕೆರೆಯುತ್ತಾ ಕೂರುವುದು ತಪ್ಪುತ್ತದೆ.

1. ಹುಲ್ಲು ಆರಿಸಿ

ಮುಂಗಾರು ಭತ್ತದ ಕೊಯ್ಲು ನಮ್ಮಲ್ಲಿ ಹೆಚ್ಚಾಗಿ ನವೆಂಬರ್-ಡಿಸೆಂಬರ್‌ನಲ್ಲಿ ಆಗುತ್ತದೆ. ಜಪಾನಿನ ಹೊಸ ವರ್ಷ ಜನವರಿ 1ಕ್ಕೆ. ಆದ್ದರಿಂದ ಹೊಸ ಹುಲ್ಲು ಸರಿಯಾದ ಹೊತ್ತಿಗೇ ಕೈಗೆ ಬರುತ್ತದೆ.

ತೊಂದರೆ ಇರುವುದು ಕೊಯ್ಲಿನಲ್ಲಿ. ಕಟಾವು ಯಂತ್ರ ಹಾದುಹೋದ ಗದ್ದೆಯ ಹುಲ್ಲು ಚೂರಾಗಿ, ಜಜ್ಜಿ, ದಿಕ್ಕುಗೆಟ್ಟು ಬಿದ್ದಿರುತ್ತದೆ. ಹಗ್ಗಕ್ಕೆ ಅದು ಬಾರದು. ಜಪಾನಿನ ಕುಶಲಕರ್ಮಿಗಳ ಗೋಳೂ ಇದೇ, ಯಂತ್ರ ಬಂದ ಮೇಲೆ ಉದ್ದ ಹುಲ್ಲು ಸಿಗುವುದೇ ಕಷ್ಟ. ರೋಣಗಲ್ಲು ಹೊಡೆದ ಹುಲ್ಲು, ರಸ್ತೆಯ ಮೇಲೆ ಹರಡಿ ವಾಹನ ಓಡಿಸಿದ ಹುಲ್ಲು ಕೂಡ ಬೇಡ. ಕೈಯಲ್ಲಿ ಕೊಯ್ದು, ತೆನೆಯನ್ನು ಹಲಗೆಗೋ ಕಲ್ಲಿಗೋ ಬಡಿದು ಕಾಳು ಉದುರಿಸಿದ ಹುಲ್ಲು ಕೇಳಿ. ಬಡಿಯುವಾಗ ಏಟು ತೆನೆಗೆ ಬೀಳುತ್ತದೆ, ಕಡ್ಡಿ ಹಾಗೇ ಉಳಿಯುತ್ತದೆ.

ತಳಿಯೂ ಮುಖ್ಯ. ಜಯ, ಐಆರ್ 64ರಂಥ ಗಿಡ್ಡ ತಳಿಯ ಹುಲ್ಲಿನಲ್ಲಿ ಹಗ್ಗ ಬರುತ್ತದೆ, ಆದರೆ ಪದೇ ಪದೇ ಸೇರಿಸುತ್ತಾ ಹೋಗಬೇಕು. ನಾಟಿ ತಳಿ ಬೆಳೆಯುವವರ ಪರಿಚಯವಿದ್ದರೆ ಅದೃಷ್ಟ. ಅಘನಾಶಿನಿ ತೀರದ ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಕಗ್ಗದಂಥ ಎತ್ತರದ ಭತ್ತದ ಹುಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. ರಾಗಿ ಹುಲ್ಲಿನಲ್ಲಿ ಮಾಡಬಹುದೇ ಎಂದು ಹಳೇ ಮೈಸೂರು ಕಡೆಯವರು ಕೇಳುತ್ತಾರೆ. ಅದರ ಕಡ್ಡಿ ಚಪ್ಪಟೆ ಮತ್ತು ಬಿರುಸು, ಕಲಿಯುವವರಿಗೆ ಬೇಡ.

ಫೋಟೊಗಳಲ್ಲಿ ಕಾಣುವ ಹಸಿರು ಶಿಮೆನಾವಾ ಬಣ್ಣ ಹಾಕಿದ್ದಲ್ಲ. ಅದಕ್ಕೆಂದೇ ಬೆಳೆದ ಭತ್ತವನ್ನು ತೆನೆ ಬಲಿಯುವ ಮೊದಲೇ ಕೊಯ್ದು, ಹಸಿರು ಉಳಿಯುವಂತೆ ಒಣಗಿಸುತ್ತಾರೆ. ಅಂದರೆ ಆ ಗದ್ದೆಯ ಅಕ್ಕಿಯ ಆಸೆ ಬಿಟ್ಟ ಹಾಗೆ. ನಮಗೆ ಬಂಗಾರದ ಬಣ್ಣದ ಹುಲ್ಲೇ ಸಾಕು.

ಬೆಂಗಳೂರಿನಂಥ ಊರಿನಲ್ಲಿದ್ದರೆ ದನ ಸಾಕುವವರನ್ನು ಕೇಳಿ. ಕೊಳ್ಳುವ ಮೊದಲು ಒಂದು ಹಿಡಿ ಮೂಸಿ ನೋಡಿ. ಮುಗ್ಗಲು ವಾಸನೆ, ಕಪ್ಪು ಚುಕ್ಕೆ ಇದ್ದರೆ ಬಿಡಿ. ಬೂಷ್ಟು ಹಿಡಿದದ್ದು ಎಷ್ಟು ಬಿಸಿಲಿಗೆ ಹಾಕಿದರೂ ತೇವ ತಾಗಿದೊಡನೆ ತಿರುಗಿ ಬರುತ್ತದೆ.

2. ಒಣ ಎಲೆ ಕಳಚಿ

ಒಂದು ಹಿಡಿ ಹುಲ್ಲನ್ನು ತೆನೆಯ ಕಡೆಯಿಂದ ಬಿಗಿಯಾಗಿ ಹಿಡಿದು, ಬೇರಿನ ಕಡೆಗೆ ಬೆರಳಿನಿಂದ ಬಾಚಿ. ಕಡ್ಡಿಗೆ ಸುತ್ತಿಕೊಂಡ ಒಣ ಎಲೆ, ತುಂಡು, ಕಸ ಎಲ್ಲ ಉದುರುತ್ತದೆ. ಈ ಎಲೆಗೆ ಜಪಾನಿನವರು ‘ಹಕಾಮಾ’ ಎನ್ನುತ್ತಾರೆ. ಸೊಂಟಕ್ಕೆ ಕಟ್ಟುವ ನೆರಿಗೆಯ ಉಡುಪಿಗೂ ಅದೇ ಹೆಸರು, ಕಡ್ಡಿಯ ಬುಡಕ್ಕೆ ಉಡಿಸಿದಂತೆ ಇರುತ್ತದೆ ನೋಡಿ.

ಅರ್ಧ ಸಿವುಡು ಕಸಕ್ಕೇ ಹೋಗಬಹುದು, ಗಾಬರಿ ಬೇಡ. ಎಲೆ ಬಿಟ್ಟುಕೊಂಡು ಹೊಸೆದರೆ ಹಗ್ಗ ದಪ್ಪವಾಗಿ ಕಾಣುತ್ತದೆ, ಎಲೆ ಪುಡಿಯಾದ ದಿನ ಸಡಿಲವಾಗುತ್ತದೆ. ಉಳಿದ ಕಡ್ಡಿಗಳ ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ದಾರದಿಂದ ಸಡಿಲಾಗಿ ಕಟ್ಟಿಡಿ.

3. ತೇವ ಕೊಡಿ, ನೆನೆಹಾಕಬೇಡಿ

ಒಣ ಹುಲ್ಲು ತಿರುಚಿದರೆ ಮುರಿಯುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿದರೆ ನೀರು ಕುಡಿದು ಉಬ್ಬುತ್ತದೆ, ಹೊಸೆದ ಮೇಲೆ ಒಣಗುತ್ತಾ ಸಣ್ಣಗಾಗುತ್ತದೆ, ಎಳೆಗಳ ನಡುವೆ ಸಂದು ಬೀಳುತ್ತದೆ. "ಸಂಜೆ ಬಿಗಿಯಾಗಿತ್ತು, ಮೂರು ದಿನಕ್ಕೆ ಸಡಿಲಾಯಿತು" ಎನ್ನುವವರ ತಪ್ಪು ಇದೇ.

ಬಟ್ಟೆ ಇಸ್ತ್ರಿ ಮಾಡುವಾಗ ಚಿಮುಕಿಸುವಷ್ಟೇ ನೀರು ಚಿಮುಕಿಸಿ. ಬುಡದ ಕಡೆಗೆ ಸ್ವಲ್ಪ ಹೆಚ್ಚು. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಮೂರು-ನಾಲ್ಕು ತಾಸು ಬಿಡಿ, ಚಳಿಗಾಲದಲ್ಲಿ ರಾತ್ರಿಯಿಡೀ ಇಡಬಹುದು. ಒಂದು ಕಡ್ಡಿಯನ್ನು ಬೆರಳಿಗೆ ಸುತ್ತಿ ನೋಡಿ. ಟಪ್ಪೆನ್ನದೆ ಸುತ್ತಿಕೊಂಡರೆ, ಹಿಂಡಿದಾಗ ನೀರು ಒಸರದಿದ್ದರೆ ಹದ ಬಂದಿದೆ. ಅವತ್ತು ಕೆಲಸಕ್ಕೆ ಬೇಕಾದಷ್ಟನ್ನೇ ತೇವ ಮಾಡಿ.

4. ಬಡಿಯಿರಿ

ಇದಕ್ಕೆ ‘ವಾರಾ-ಉಚಿ’ ಎನ್ನುತ್ತಾರೆ, ಬಳಸುವ ದುಂಡು ಮರದ ಕೊಡತಿಗೆ ‘ಯೊಕೊಜುಚಿ’. ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ಗೆಣ್ಣು ಮಾತ್ರ ಗಟ್ಟಿ. ಬಡಿದಾಗ ಟೊಳ್ಳು ಚಪ್ಪಟೆಯಾಗಿ, ಗೆಣ್ಣು ಮೆತ್ತಗಾಗಿ, ಕಡ್ಡಿ ನಾರಿನಂತೆ ಬಾಗಲು ಒಪ್ಪಿಕೊಳ್ಳುತ್ತದೆ.

ಕಟ್ಟನ್ನು ಕಲ್ಲಿನ ಮೇಲಿಟ್ಟು ಒಂದು ಕೈಯಲ್ಲಿ ಉರುಳಿಸುತ್ತಾ, ಇನ್ನೊಂದು ಕೈಯಲ್ಲಿ ಕೊಡತಿ ಆಡಿಸಿ. ಜೋರಾಗಿ ಅಲ್ಲ, ಕೊಡತಿಯ ತೂಕವೇ ಬೀಳುವಂತೆ. ಬುಡದ ಅರ್ಧಕ್ಕೆ ಹೆಚ್ಚು, ತುದಿಗೆ ಕಡಿಮೆ. ಹತ್ತು ನಿಮಿಷವಾದರೂ ಬೇಕು. ಮೊದಲು ಚರಚರ ಎನ್ನುತ್ತಿದ್ದ ಹುಲ್ಲು ಸದ್ದು ಕಡಿಮೆ ಮಾಡುತ್ತಾ ಬಂದು ದಪ್ ದಪ್ ಎನ್ನತೊಡಗಿದಾಗ ನಿಲ್ಲಿಸಿ. ಕಣ್ಣಿಗಿಂತ ಕಿವಿಯನ್ನು ನಂಬಿ.

ಸಣ್ಣ ಹಗ್ಗಕ್ಕೂ ಚಪ್ಪಲಿಗೂ ಚೆನ್ನಾಗಿ ಬಡಿಯಬೇಕು. ಶಿಮೆನಾವಾಕ್ಕೆ ಮೀಸಲಿಡುವ ಹುಲ್ಲನ್ನು ಅರ್ಧ ಹೊತ್ತು ಬಡಿದರೆ ಸಾಕು, ತೀರಾ ಬಡಿದರೆ ಹೊಳಪು ಹೋಗಿ ಹಳೆ ಹುರಿಯಂತೆ ಕಾಣುತ್ತದೆ. ಅಪಾರ್ಟ್‌ಮೆಂಟಿನವರು ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ ಶುರು ಮಾಡಿ.

5. ಹುಲ್ಲು ಮುಟ್ಟುವ ಮೊದಲು ಬಟ್ಟೆಯಲ್ಲಿ ಕಲಿಯಿರಿ

ಹಳೆ ಸೀರೆ ಅಥವಾ ಪಂಚೆಯಿಂದ ಎರಡು ಬಣ್ಣದ ಪಟ್ಟಿ ಹರಿದುಕೊಳ್ಳಿ. ಎರಡನ್ನೂ ಸೇರಿಸಿ ಕಿಟಕಿಯ ಸರಳಿಗೆ ಗಂಟು ಹಾಕಿ, ತುದಿಗಳು ನಿಮ್ಮ ಕಡೆ ಬರುವಂತೆ ಎದುರಿಗೆ ಕುಳಿತುಕೊಳ್ಳಿ.

ಹಗ್ಗ ಹಿಡಿದು ನಿಲ್ಲುವ ಗುಟ್ಟು ಇಷ್ಟೆ. ಪ್ರತಿ ಎಳೆಯನ್ನು ಒಂದು ದಿಕ್ಕಿಗೆ ತಿರುಚಬೇಕು, ಎರಡೂ ಎಳೆಗಳನ್ನು ಒಂದರ ಮೇಲೊಂದು ಅದರ ವಿರುದ್ಧ ದಿಕ್ಕಿಗೆ ಸುತ್ತಬೇಕು. ತಿರುಚಿದ ಎಳೆ ಬಿಚ್ಚಿಕೊಳ್ಳಲು ಹವಣಿಸುತ್ತದೆ, ಹಾಗೆ ಹವಣಿಸಿದಷ್ಟೂ ಪಕ್ಕದ ಎಳೆಯನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಎಳೆಗಳನ್ನು ತಿರುಚದೆ ಬರೀ ಸುತ್ತಿದರೆ, ಅಥವಾ ಎರಡನ್ನೂ ಒಂದೇ ದಿಕ್ಕಿಗೆ ಮಾಡಿದರೆ ಕೈ ಬಿಟ್ಟ ಕ್ಷಣವೇ ಕಥೆ ಮುಗಿಯಿತು. ವಿಡಿಯೊದಲ್ಲಿ ಕೈ ವೇಗವಾಗಿ ಓಡುವುದರಿಂದ ಈ ಮೊದಲ ತಿರುಚು ಕಣ್ಣಿಗೆ ಬೀಳುವುದೇ ಇಲ್ಲ.

ಈಗ ದಿಕ್ಕು. ದಿನಬಳಕೆಯ ಹಗ್ಗಕ್ಕೆ: ಎಡಗಡೆಯ ಎಳೆಯನ್ನು ಎಡಕ್ಕೆ ಉರುಳಿಸಿ ತಿರುಚಿ, ಬಲಗಡೆಯದರ ಮೇಲಿನಿಂದ ಬಲಕ್ಕೆ ದಾಟಿಸಿ. ಈಗ ಎಡಕ್ಕೆ ಬಂದ ಇನ್ನೊಂದು ಎಳೆಗೂ ಹಾಗೇ ಮಾಡಿ. ಶಿಮೆನಾವಾಕ್ಕೆ ಪೂರ್ತಿ ಉಲ್ಟಾ: ಬಲಗಡೆಯದನ್ನು ಬಲಕ್ಕೆ ತಿರುಚಿ, ಎಡಗಡೆಯದರ ಮೇಲಿನಿಂದ ಎಡಕ್ಕೆ ದಾಟಿಸಿ. ಇದಕ್ಕೆ ‘ಹಿದಾರಿ-ನಾಯ್’, ಅಂದರೆ ಎಡ ಹೊಸೆತ ಎಂದು ಹೆಸರು. ದೇವರ ಹಗ್ಗವನ್ನು ದಿನಬಳಕೆಯ ಹಗ್ಗದಿಂದ ಬೇರೆ ಮಾಡುವುದು ಈ ದಿಕ್ಕೇ.

ಸರಿಯಾಗಿದೆಯೇ ಎಂದು ನೋಡಲು ಹಗ್ಗವನ್ನು ನೆಟ್ಟಗೆ ಹಿಡಿಯಿರಿ. ಎಳೆಗಳು ಎಡ ಮೇಲಿನಿಂದ ಬಲ ಕೆಳಗೆ ಇಳಿದಿದ್ದರೆ ದಿನಬಳಕೆಯ ಹಗ್ಗ. ಬಲ ಮೇಲಿನಿಂದ ಎಡ ಕೆಳಗೆ ಇಳಿದಿದ್ದರೆ ಶಿಮೆನಾವಾ. ತಲೆಕೆಳಗು ಮಾಡಿದರೆ ದಿಕ್ಕು ಬದಲಾಗುತ್ತದೆಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ, ಬದಲಾಗುವುದಿಲ್ಲ. ಬಿಚ್ಚಿ ಮತ್ತೆ ಹೊಸೆಯಬೇಕು.

ಬಟ್ಟೆಯಲ್ಲಿ ಎರಡೂ ದಿಕ್ಕಿಗೆ ಒಂದೊಂದು ಮೊಳ ಬಂದ ಮೇಲೆ ಹುಲ್ಲಿಗೆ ಬನ್ನಿ.

6. ಸಣ್ಣ ಹಗ್ಗ

ಚೆನ್ನಾಗಿ ಬಡಿದ ಆರು ಕಡ್ಡಿ ತೆಗೆದುಕೊಳ್ಳಿ. ಬುಡ ಸೇರಿಸಿ ದಾರದಿಂದ ಕಟ್ಟಿ, ಮೂರು-ಮೂರಾಗಿ ಎರಡು ಎಳೆ ಮಾಡಿ. ದಿನಬಳಕೆಯ ದಿಕ್ಕಿನಲ್ಲಿ ಹೊಸೆಯಿರಿ. ಬಟ್ಟಲಿನ ನೀರಿಗೆ ಆಗಾಗ ಬೆರಳು ಅದ್ದಿ. ಒಣಗೈ ಜಾರುತ್ತದೆ, ಹುಲ್ಲನ್ನು ಹಿಡಿಯುವುದಿಲ್ಲ.

ಕೈ ಪಳಗಿದ ಮೇಲೆ ಅಂಗೈ ವಿಧಾನಕ್ಕೆ ಹೋಗಬಹುದು. ನೆಲದ ಮೇಲೆ ಕುಳಿತು, ಕಟ್ಟಿದ ಬುಡವನ್ನು ಕಾಲ್ಬೆರಳಲ್ಲಿ ಹಿಡಿದು, ಎರಡೂ ಎಳೆಯನ್ನು ಕೈಮುಗಿದ ಅಂಗೈಗಳ ನಡುವೆ ಸ್ವಲ್ಪ ಅಂತರದಲ್ಲಿ ಇಟ್ಟು, ಬಲಗೈ ಮುಂದಕ್ಕೆ ತಳ್ಳಿದರೆ ಎರಡೂ ಒಟ್ಟಿಗೇ ತಿರುಚಿಕೊಳ್ಳುತ್ತವೆ. ಆಮೇಲೆ ಒಂದನ್ನು ಇನ್ನೊಂದರ ಮೇಲೆ ದಾಟಿಸುವುದು. ಎಡ ಹೊಸೆತಕ್ಕೆ ಬಲಗೈ ಹಿಂದಕ್ಕೆ ಬರಬೇಕು. ಪಳಗಿದ ಕೈ ಮಾತಾಡುತ್ತಲೇ ಮಾರುಗಟ್ಟಲೆ ಹೊಸೆದು ಬಿಸಾಕುತ್ತದೆ. ನಮಗೆ ಮೊದಲ ದಿನ ಒಂದು ಮಾರು ಬಂದರೆ ಹಬ್ಬ.

ತುಳುನಾಡಿನವರಿಗೆ ಒಂದು ಮಾತು: ಊರಿನಲ್ಲಿ ಮುಡಿ ಕಟ್ಟುತ್ತಿದ್ದ ಹಿರಿಯರು ಇದ್ದರೆ ಅವರ ಪಕ್ಕ ಒಂದು ಮಧ್ಯಾಹ್ನ ಕೂರಿ. ಬೈಹುಲ್ಲಿನ ಹಗ್ಗದ ಬಿಗಿ ಎಷ್ಟಿರಬೇಕೆಂಬುದನ್ನು ನಾನು ನೂರು ಸಾಲಿನಲ್ಲಿ ಹೇಳಲಾರದ್ದನ್ನು ಅವರು ನಿಮ್ಮ ಕೈ ಹಿಡಿದು ತೋರಿಸುತ್ತಾರೆ.

7. ಹುಲ್ಲು ಸೇರಿಸುವುದು

ಎಳೆ ತೆಳುವಾಗುತ್ತಿದೆ ಎನ್ನಿಸಿದಾಗ ಹೊಸ ಕಡ್ಡಿಯ ಬುಡವನ್ನು ಎರಡು ಎಳೆ ಕೂಡುವ ಕವಲಿಗೆ ಸಿಕ್ಕಿಸಿ, ಹಳೆಯ ಎಳೆಯ ಜೊತೆಗೇ ತಿರುಚಿ ಮುಂದುವರಿಯಿರಿ. ಗಂಟು ಹಾಕುವುದಿಲ್ಲ. ಎಳೆ ಮುಗಿದ ಮೇಲೆ ಸೇರಿಸಬೇಡಿ, ಇನ್ನೂ ಒಂದು ಗೇಣು ಇರುವಾಗಲೇ ಸೇರಿಸಿ. ಎರಡೂ ಎಳೆಗೆ ಒಂದೇ ಜಾಗದಲ್ಲಿ ಸೇರಿಸಿದರೆ ಹಗ್ಗ ಅಲ್ಲೇ ಕಿತ್ತುಬರುತ್ತದೆ, ನಾಲ್ಕು ಬೆರಳಿನಷ್ಟಾದರೂ ಹಿಂದುಮುಂದಾಗಿರಲಿ. ಹೊರಗೆ ಚಾಚಿದ ಬುಡಗಳನ್ನು ಹಗ್ಗ ಒಣಗಿದ ಮೇಲೆ ಕತ್ತರಿಸಿ, ಈಗಲೇ ಅಲ್ಲ.

ಹೀಗೆ ಎರಡು ಮಾರು ಹೊಸೆದಿಡಿ. ಮುಂದಿನ ಹಂತಕ್ಕೆ ಕಟ್ಟುವ ಹಗ್ಗ ಇದೇ.

8. ಶಿಮೆನಾವಾ ಬಳೆ

ಹೊಸ ವರ್ಷಕ್ಕೆ ಜಪಾನಿನ ಮನೆಗಳಲ್ಲಿ ಅಡುಗೆಮನೆ, ನೀರಿನ ಜಾಗಗಳಿಗೆ ‘ವಾ-ಕಜಾರಿ’ ಎಂಬ ಚಿಕ್ಕ ಹುಲ್ಲಿನ ಬಳೆ ತೂಗುಹಾಕುತ್ತಾರೆ. ‘ವಾ’ ಎಂದರೆ ಬಳೆ, ‘ಕಜಾರಿ’ ಎಂದರೆ ಅಲಂಕಾರ. ನಾವು ಮಾಡುವುದು ಅದರ ಸ್ವಲ್ಪ ದಪ್ಪನೆಯ ರೂಪ.

ಅರ್ಧ ಬಡಿದ ಹುಲ್ಲಿನಿಂದ 25 ಕಡ್ಡಿಗಳ ಎರಡು ಕಟ್ಟು ಮಾಡಿ. ಎರಡರ ಬುಡವನ್ನೂ ಸೇರಿಸಿ, ಮೂರು ಬೆರಳು ಬಿಟ್ಟು, ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಿ. ಕಟ್ಟು ಸಡಿಲಿದ್ದರೆ ಮುಂದಿನದ್ದೆಲ್ಲ ದಂಡ. ಕಿಟಕಿಗೆ ಕಟ್ಟಿಕೊಳ್ಳಿ, ಇಲ್ಲವೆ ಮನೆಯವರೊಬ್ಬರ ಕೈಗೆ ಕೊಡಿ. ಎರಡನೆಯದೇ ಮೇಲು, ಅವರು ಎದುರು ಎಳೆದಷ್ಟೂ ಬಿಗಿ ಬರುತ್ತದೆ.

ಈಗ ಎಡ ಹೊಸೆತ. ಬಲದ ಕಟ್ಟನ್ನು ಎರಡೂ ಕೈಯಿಂದ ಬಲಕ್ಕೆ ತಿರುಚಿ, ಕಡ್ಡಿಗಳೆಲ್ಲ ಒಂದೇ ಮೈಯಾಗಿ ಓರೆ ಗೆರೆ ಮೂಡುವವರೆಗೆ. ಎಡದ ಕಟ್ಟಿನ ಮೇಲಿನಿಂದ ದಾಟಿಸಿ, ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದುಕೊಂಡೇ ಇನ್ನೊಂದನ್ನು ತಿರುಚಿ. ಹೆಬ್ಬೆರಳು ಬಿಟ್ಟರೆ ಬಿಗಿ ಹೋಯಿತು. ಎರಡು ಸುತ್ತಿನ ನಂತರ ಕೈ ಸೋತು, ತಿರುಚುವುದನ್ನು ಮರೆತು ಬರೀ ದಾಟಿಸುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಆಯಾಸವಾದರೆ ದಾರದಿಂದ ತಾತ್ಕಾಲಿಕವಾಗಿ ಕಟ್ಟಿ, ಕಾಫಿ ಕುಡಿದು ಬನ್ನಿ.

ಎಲ್ಲ ಬುಡಗಳೂ ಒಂದೇ ಕಡೆ ಇರುವುದರಿಂದ ಹಗ್ಗ ದಪ್ಪವಾಗಿ ಶುರುವಾಗಿ ತುದಿಗೆ ಸಣ್ಣದಾಗುತ್ತದೆ. ಅದು ದೋಷವಲ್ಲ, ಶಿಮೆನಾವಾಗಳಲ್ಲಿ ಈ ಆಕಾರ ಸಾಮಾನ್ಯ. ಸುಮಾರು 55 ಸೆಂಟಿಮೀಟರ್ ಆದಾಗ ತುದಿ ಕಟ್ಟಿ. ಮುಂದಕ್ಕೆ ಉಳಿದ ಹುಲ್ಲು ಕತ್ತರಿಸಬೇಡಿ, ಅದೇ ಬಾಲ.

ಹಗ್ಗ ಇನ್ನೂ ತೇವ ಇರುವಾಗಲೇ ಬಳೆಯಾಗಿ ಬಾಗಿಸಿ, ಎರಡು ತುದಿಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು, ನೀವು ಹೊಸೆದ ಸಣ್ಣ ಹಗ್ಗದಿಂದ ಮೂರು-ನಾಲ್ಕು ಸುತ್ತು ಸುತ್ತಿ ಹಿಂದುಗಡೆ ಗಂಟು ಹಾಕಿ. ಉಳಿದ ಸಣ್ಣ ಹಗ್ಗದಲ್ಲಿ ಮೇಲೆ ಒಂದು ಕುಣಿಕೆ.

ಇನ್ನು 7, 5, 3 ಕಡ್ಡಿಗಳ ಮೂರು ಚಿಕ್ಕ ಕುಚ್ಚು ಮಾಡಿ ಬಳೆಯ ಕೆಳಭಾಗದ ಸಂದುಗಳಲ್ಲಿ ಸಿಕ್ಕಿಸಿ ಇಳಿಬಿಡಿ. ಶಿಮೆನಾವಾ ಎಂಬ ಪದವನ್ನು ಜಪಾನಿ ಬರಹದಲ್ಲಿ ‘ಏಳು-ಐದು-ಮೂರು ಹಗ್ಗ’ ಎಂಬ ಅಕ್ಷರಗಳಿಂದಲೂ ಬರೆಯುವುದುಂಟು. ದೇಗುಲಗಳಲ್ಲಿ ಕಾಣುವ ಅಂಕುಡೊಂಕಾದ ಬಿಳಿ ಕಾಗದಕ್ಕೆ ‘ಶಿದೆ’ ಎನ್ನುತ್ತಾರೆ. ಅದು ಕಾಗದದ ಕೆಲಸ, ಇಲ್ಲಿ ಬಿಟ್ಟಿದ್ದೇನೆ. ಪ್ಲಾಸ್ಟಿಕ್ ಹೂ, ಮಿನುಗು ದಾರ ಬೇಡ ಎಂಬುದು ನನ್ನ ಹಟ. ಅಷ್ಟು ಹೊತ್ತು ಬಡಿದದ್ದು ಹುಲ್ಲು ಕಾಣಲಿ ಎಂದಲ್ಲವೇ?

9. ಒಣಗಿಸುವುದು, ಕಟ್ಟುವುದು, ಇಳಿಸುವುದು

ಗಾಳಿಯಾಡುವ ನೆರಳಿನಲ್ಲಿ ಮೂರು-ನಾಲ್ಕು ದಿನ ತೂಗುಹಾಕಿ. ನೆಲದ ಮೇಲೆ ಮಲಗಿಸಿದರೆ ಅಡಿಭಾಗಕ್ಕೆ ಬೂಷ್ಟು ಬರುತ್ತದೆ, ಕರಾವಳಿಯಲ್ಲಂತೂ ಖಂಡಿತ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಒಣಗಿದ ಮೇಲೆ ಒಂದು ಹಿಡಿ ಹುಲ್ಲಿನಿಂದಲೇ ಹಗ್ಗದ ಮೈಯನ್ನು ಉಜ್ಜಿ, ಎದ್ದ ಸಣ್ಣ ನಾರುಗಳನ್ನು ಕತ್ತರಿಯಿಂದ ತೆಗೆಯಿರಿ. ಬೆಂಕಿಯ ಮೇಲೆ ಆಡಿಸಿ ನಾರು ಸುಡುವ ಸಾಹಸ ಮನೆಯೊಳಗೆ ಬೇಡ. ದೀಪ, ಒಲೆ, ಊದುಬತ್ತಿಯ ಹತ್ತಿರವೂ ಇದನ್ನು ತೂಗುಹಾಕಬೇಡಿ.

ಜಪಾನಿನ ಕ್ರಮ ಪಾಲಿಸುವ ಆಸೆಯಿದ್ದರೆ ಡಿಸೆಂಬರ್ 28ರೊಳಗೆ, ಇಲ್ಲವೆ 30ಕ್ಕೆ ಕಟ್ಟಿ. 29 ಅನ್ನು ಬಿಡುತ್ತಾರೆ, ಒಂಬತ್ತಕ್ಕೂ ಕಷ್ಟಕ್ಕೂ ಅಲ್ಲಿ ಒಂದೇ ಉಚ್ಚಾರ, ‘ಕು’. 31ಕ್ಕೆ ಕಟ್ಟಿದರೆ ‘ಒಂದು ರಾತ್ರಿಯ ಅಲಂಕಾರ’ ಎಂದು ಮೂಗು ಮುರಿಯುತ್ತಾರೆ. ಬಳೆಯ ಬದಲು ಹಗ್ಗವನ್ನು ಅಡ್ಡಕ್ಕೆ ಕಟ್ಟುವುದಾದರೆ ಸಾಮಾನ್ಯವಾಗಿ ದಪ್ಪ ತುದಿ ನೋಡುವವರ ಬಲಕ್ಕೆ ಬರುತ್ತದೆ. ಇಜುಮೊ ತೈಶಾದಲ್ಲಿ ಮಾತ್ರ ಎಡಕ್ಕೆ, ಅಲ್ಲಿನ ಫೋಟೊ ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಟೋಕಿಯೊ ಕಡೆ ಜನವರಿ 7ರ ಹೊತ್ತಿಗೆ, ಒಸಾಕಾ-ಕ್ಯೋಟೊ ಕಡೆ 15ರ ಹೊತ್ತಿಗೆ ಇಳಿಸುತ್ತಾರೆ. ಇಳಿಸಿದ್ದನ್ನು ಜನವರಿ ಮಧ್ಯದ ‘ದೊಂದೊಯಾಕಿ’ ಎಂಬ ಊರೊಟ್ಟಿನ ಬೆಂಕಿಗೆ ಹಾಕುವುದು ವಾಡಿಕೆ. ಇಸೆ ಕಡೆಯ ಮನೆಗಳಲ್ಲಿ ಮಾತ್ರ ವರ್ಷವಿಡೀ ಬಾಗಿಲಲ್ಲೇ ಇರುತ್ತದೆ. ನೀವು ಗೊಬ್ಬರದ ಗುಂಡಿಗೆ ಹಾಕಬಹುದು, ಹತ್ತಿ ದಾರ ಬಿಚ್ಚುವುದನ್ನು ಮರೆಯಬೇಡಿ.

ಮಿಕ್ಕ ಹುಲ್ಲನ್ನು ತೇವ ಮಾಡದೆ, ಬುಡ ಮೇಲಾಗಿ, ಅಟ್ಟದಲ್ಲೋ ಬಾಲ್ಕನಿಯ ಸೂರಿನಡಿಯೋ ನೇತುಹಾಕಿಡಿ. ತೆನೆಯಲ್ಲಿ ಒಂದೆರಡು ಕಾಳು ಉಳಿದಿದ್ದರೂ ಇಲಿ ಬರುತ್ತದೆ, ಕಟ್ಟುವ ಮೊದಲು ಇನ್ನೊಮ್ಮೆ ಒದರಿ.